ಮೂರು ಯೂನಿಟ್

ಎಸ್ಸೆಸ್ಸೆಲ್ಸಿ ಎರಡು ಸಲ ಕಟ್ಟಿ ಪಾಸಾದವಳು ನಾನು,
ಅದಕ್ಕೇ ಓಣಿಯ ಕರೆಂಟ್ ಬಿಲ್ಲೆಲ್ಲ ನನ್ನ ಕಟ್ಟೆಗೆ ಬರುತ್ತವೆ.
ತಿಂಗಳ ಮೊದಲ ವಾರ ಸೂಗಪ್ಪ
ಮಷಿನ್ನು ಕೊರಳಿಗೆ ಹಾಕಿಕೊಂಡು ಬಂದು
ಮನೆಗೊಂದು ಚೀಟಿ ಹರಿದುಕೊಟ್ಟು ಹೋದನೆಂದರೆ
ಒಬ್ಬೊಬ್ಬರೇ ಬರುತ್ತಾರೆ,
ಡಾಕ್ಟರ ಮುಂದೆ ರಕ್ತದ ರಿಪೋರ್ಟು ಹಿಡಿದ ಹಾಗೆ.
ಮಗಳು ಬಿಟ್ಟುಹೋದ ಪರೀಕ್ಷೆಯ ರಟ್ಟಿಗೆ
ಎಲ್ಲವನ್ನೂ ಸಿಗಿಸಿ ಓದುತ್ತೇನೆ.

ನಿಗದಿತ ಶುಲ್ಕ. ಅಂದರ ಏನಕ್ಕ?
ಮದುವೆಗೆ ಬಾಡಿಗೆ ತಂದ ಹಂಡೆ, ತಂಗಿ.
ಅನ್ನ ಮಾಡು, ಬಿಡು,
ಮನೆ ಸೇರಿತೆಂದರೆ ಬಾಡಿಗೆ ಬಾಡಿಗೆಯೇ.
ಎಷ್ಟು ಕಿಲೋವ್ಯಾಟ್ ಬರೆಸಿದ್ದಿಯೋ ಅಷ್ಟು ದೊಡ್ಡ ಹಂಡೆ.

ಇಂಧನ ಹೊಂದಾಣಿಕೆ ವೆಚ್ಚ.
ಇಲ್ಲಿಗೆ ಬಂದಾಗ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಾರೆ.
ಹೊಂದ್ಕೊಂಡು ಹೋಗವ್ವಾ ಅಂತಲೇ ಅಲ್ಲೇನು
ನಮ್ಮನ್ನೆಲ್ಲ ಗಂಡನ ಮನೆಗೆ ಕಳಿಸಿದ್ದು?
ಈಗ ಅದಕ್ಕೂ ಯೂನಿಟ್ಟಿಗೆ ಇಷ್ಟು ಪೈಸೆ.
ಕಲ್ಲಿದ್ದಲು ತುಟ್ಟಿಯಾದದ್ದು ಎಂದೋ,
ದುಡ್ಡು ಕೇಳುವುದು ಇಂದು,
ಬೀಗರು ಉಂಡು ಹೋದ ಮೇಲೆ
ಕಿರಾಣಿಯವ ಲೆಕ್ಕದ ಪುಸ್ತಕ ತೆಗೆದಂತೆ.

ದೇವಸೂಗೂರಿನ ನೆತ್ತಿಯ ಮೇಲೇ ಇವೆ ಚಿಮಣಿಗಳು.
ಗೂಡ್ಸ್ ತುಂಬ ಕಲ್ಲಿದ್ದಲು ನಮ್ಮ ಕಣ್ಣೆದುರೇ ಬರುತ್ತದೆ.
ಕೃಷ್ಣೆಯ ನೀರು ಕಾದು, ಹಬೆಯಾಗಿ, ಗಾಲಿ ತಿರುಗಿಸಿ,
ಅದರ ಬೆಳಕು ತಂತಿ ಹತ್ತಿ ಎಲ್ಲೆಲ್ಲಿಗೋ.
ಬೂದಿ ಮಾತ್ರ ಇಲ್ಲೇ,
ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆಯ ಮೇಲೆ.
ಬೂದಿಗೆ ಇನ್ನೂ ಮೀಟರು ಕೂಡಿಸಿಲ್ಲ.

ಮಹಬೂಬಿಯದು ಯಾವಾಗಲೂ ಸೊನ್ನೆ ಬಿಲ್ಲು.
ಗೃಹಜ್ಯೋತಿ. ಆದರೂ ಬರುವಳು,
ಸೊನ್ನೆಯನ್ನೂ ಒಮ್ಮೆ ಓದಿಸಿಕೊಂಡೇ ಹೋಗುವಳು.
ಈ ಸಲ ಓದಿದೆ. ಮತ್ತೆ ಓದಿದೆ.
ಇನ್ನೂರಾ ಮೂರು.
ಇನ್ನೂರು ದಾಟಿದರೆ ಮಾಫಿ ಇಲ್ಲ, ಚಾಚೀ,
ಒಂದನೇ ಯೂನಿಟ್ಟಿನಿಂದಲೇ ಎಣಿಸುತ್ತಾರೆ.
ಸಾವಿರದ ಆರುನೂರಕ್ಕೂ ಮೇಲೆ.

ಜಗಳವಾಡಲಿಲ್ಲ.
ಸೂಗಪ್ಪನ ಹೆಸರೂ ಎತ್ತಲಿಲ್ಲ.
"ಮೂರು ಯೂನಿಟ್ ಅಂದ್ರ ಎಷ್ಟಾತವ್ವ?" ಅಂದಳು.
ನಿನ್ನ ಕೂಲರ್ ಹದಿನೈದು ತಾಸು ಓಡಿದಷ್ಟು, ಅಂದೆ.
ಬೆರಳ ಗಂಟು ಎಣಿಸತೊಡಗಿದಳು.
ಮಾನ್ವಿಯಿಂದ ಮಗಳು ಬಾಣಂತನಕ್ಕೆ ಬಂದ ತಿಂಗಳು.
ಬೆವರುಸಾಲೆ ಎದ್ದು ಕೂಸು
ಬೆಳತನಕ ಅತ್ತ ರಾತ್ರಿ, ಎಂಟು ತಾಸು.
ಮರುದಿನ ಹೊರಗೆ ಕಾಗೆಯೂ ಹಾರದ ಮಧ್ಯಾಹ್ನ,
ದೀಪ ಹಚ್ಚುವ ತನಕ.
"ಹದಿನೈದು. ಬರೋಬ್ಬರಿ.
ಇವೇ ನೋಡು ಆ ಮೂರು."
ಕಳೆದ ಉಂಗುರ ಸಿಕ್ಕವರ ದನಿ.
"ಈ ಮೂರಕ್ಕ ಕೇಳಿದ್ರ ಕೊಡ್ತಿದ್ದೆ,
ದುಪ್ಪಟ್ಟು ಕೇಳಿದ್ರೂ ಕೊಡ್ತಿದ್ದೆ.
ಇನ್ನೂರು ಯಾಕ ಜೋಡಿ ಬಂದ್ವು?"

ನನ್ನ ಎಸ್ಸೆಸ್ಸೆಲ್ಸಿಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ.
ಹೊಸ ದರ ಬರುತ್ತದಂತೆ, ಅಂದೆ,
ಯೂನಿಟ್ಟಿಗೆ ಹತ್ತು ಪೈಸೆ ಇಳಿದೀತು,
ಹಂಡೆಯ ಬಾಡಿಗೆ ಏರೀತು.
"ಹಂಡೆ ಸಣ್ಣದು ಮಾಡಸ್ಲಿಕ್ಕೆ ಬರ್ತದೇನು?"
ಬರುತ್ತದೆ, ಅರ್ಜಿ ಕೊಡಬೇಕು.
"ಕೂಲರ್ ಹಿಡಸ್ತದೇನು ಅದರಾಗ?"
ಪೆನ್ನಿನ ಟೋಪಿ ಕಚ್ಚುತ್ತ ಕೂತೆ.

ಚೀಟಿಯ ಅಕ್ಷರ ಬಿಸಿಲಿಗೆ ಅಳಿಸಿಹೋಗುತ್ತವೆ,
ಬಾಕಿ ಅಳಿಯುವುದಿಲ್ಲ.
ಅವಳ ಚೀಟಿಯ ಬೆನ್ನಿಗೆ ಬಾಲ್‌ಪೆನ್ನಿನಲ್ಲಿ ಬರೆದುಕೊಟ್ಟೆ:
203.

ಆ ಹೊತ್ತಿಗೇ ಹೋಯಿತು ಕರೆಂಟು.
ಓಣಿಯ ಫ್ಯಾನೆಲ್ಲ ಒಂದೊಂದಾಗಿ ನಿಟ್ಟುಸಿರು ಬಿಟ್ಟವು.
ಮೀಟರಿನ ಕೆಂಪು ಚುಕ್ಕಿ ಮಿಣುಕುವುದು ನಿಂತಿತು,
ಚಿಮಣಿಯ ನೆತ್ತಿಯ ಕೆಂಪು ಚುಕ್ಕಿ ನಿಲ್ಲಲಿಲ್ಲ.
ಎಚ್ಚರಾದ ಕೂಸನ್ನು ಹಸೀನಾ ಎತ್ತಿಕೊಂಡು ಬಂದಳು.
ಮಹಬೂಬಿ ನನ್ನ ತೊಡೆಯ ಮೇಲಿನ ರಟ್ಟು ಕಸಿದುಕೊಂಡು
ಗಾಳಿ ಹಾಕತೊಡಗಿದಳು.
ಕ್ಲಿಪ್ಪಿನಲ್ಲಿ ಓಣಿಯ ಬಿಲ್ಲೆಲ್ಲ ಪಟಪಟ ಪಟಪಟ.
ಕೂಸು ಆ ಸಪ್ಪಳವನ್ನೇ ನೋಡುತ್ತ
ಅಳು ಮರೆಯಿತು.
"ಇದನ್ನ ಎಣಿಸಬ್ಯಾಡ" ಅಂದಳು, ನನಗೆ.